ಗಾಮಾ ಕ್ಯಾಮೆರಾ ಕಳುವಾಗದಂತೆ ಕಾಯುವುದು, ಕಳುವಾದರೆ ಮೊದಲ ತಾಸಿನಲ್ಲಿ ಮಾಡುವುದು

ಹುಬ್ಬಳ್ಳಿ-ಧಾರವಾಡದ ಫೌಂಡ್ರಿಗಳಲ್ಲಿ ಎರಕದೊಳಗಿನ ಗಾಳಿಗುಳ್ಳೆ ಹುಡುಕಲು, ಪೈಪ್‌ಲೈನಿನ ಬೆಸುಗೆ ಸರಿಯಿದೆಯೇ ಎಂದು ನೋಡಲು ಗಾಮಾ ರೇಡಿಯೋಗ್ರಫಿ ಕ್ಯಾಮೆರಾ ಬಳಸುತ್ತಾರೆ. ಹಿಡಿಕೆಯಿರುವ, ನೋಡಲು ಸಾಧಾರಣವಾದ ಪೆಟ್ಟಿಗೆ. ತೂಕ 20ರಿಂದ 25 ಕೆ.ಜಿ., ಒಬ್ಬನೇ ಹೆಗಲಿಗೆ ಹಾಕಿಕೊಂಡು ಹೋಗಬಹುದು. ಅದರ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಇರಿಡಿಯಂ-192 ಎಂಬ ವಿಕಿರಣಶೀಲ ವಸ್ತು ಇರುತ್ತದೆ. ರಸ್ತೆ ಕೆಲಸದಲ್ಲಿ ಮಣ್ಣು, ಡಾಂಬರಿನ ಸಾಂದ್ರತೆ ಅಳೆಯುವ ನ್ಯೂಕ್ಲಿಯರ್ ಗೇಜ್ ಇನ್ನೂ ಹಗುರ. ಅದರಲ್ಲಿ ಸೀಸಿಯಂ-137 ಮತ್ತು ಅಮೆರಿಸಿಯಂ-ಬೆರಿಲಿಯಂ ಇರುತ್ತವೆ.

ಇವುಗಳನ್ನು ಕದಿಯುವವನಿಗೆ ಒಳಗೇನಿದೆ ಎಂಬುದು ಬಹುಮಟ್ಟಿಗೆ ಗೊತ್ತಿರುವುದಿಲ್ಲ. ಅವನಿಗೆ ಬೇಕಾದದ್ದು ಗಾಡಿ, ಇಲ್ಲವೇ ಗುಜರಿಗೆ ಹಾಕಲು ಭಾರದ ಲೋಹ. ಮಾಲೀಕರು ಲೈಸೆನ್ಸ್ ಹೋದೀತೆಂದು ಅಂಜಿ ಸುದ್ದಿ ಮುಚ್ಚಿಟ್ಟರೆ ಕದ್ದವನು, ಅವನ ಮನೆಯವರು, ಗುಜರಿ ಅಂಗಡಿಯ ಹುಡುಗರು ಏನೂ ತಿಳಿಯದೆ ಆ ಪೆಟ್ಟಿಗೆಯನ್ನು ಒಡೆಯುತ್ತಾರೆ. ಆದ್ದರಿಂದ ಎರಡು ಕೆಲಸ ಮುಖ್ಯ: ಗಾಡಿಯನ್ನು ಕಾಯುವುದು, ಕಳುವಾದರೆ ಊರಿಗೆಲ್ಲ ಹೇಳುವುದು.

ಎಷ್ಟು ಅಪಾಯ ಎಂಬ ಲೆಕ್ಕ

ಅಂಜಿಕೆಯೂ ಅಸಡ್ಡೆಯೂ ಲೆಕ್ಕ ಗೊತ್ತಿಲ್ಲದ್ದರಿಂದಲೇ ಬರುತ್ತವೆ. ಕ್ಯಾಮೆರಾದಲ್ಲಿ 20 ಕ್ಯೂರಿ, ಅಂದರೆ 740 ಗಿಗಾಬೆಕರೆಲ್ ಇರಿಡಿಯಂ ಇದೆ ಎಂದುಕೊಳ್ಳಿ (ಎರಡೂ ವಿಕಿರಣಶೀಲತೆಯ ಅಳತೆಗಳು). ಸೋರ್ಸ್, ಅಂದರೆ ವಿಕಿರಣ ಸೂಸುವ ಆ ಇರಿಡಿಯಂ ತುಂಡು, ಒಳಗಿದ್ದು, ಕೀಲಿ ಹಾಕಿದ್ದರೆ ಸುತ್ತಲಿನ ಡಿಪ್ಲೀಟೆಡ್ ಯುರೇನಿಯಂ (ಸೀಸಕ್ಕಿಂತ ಭಾರದ ಲೋಹ) ಕವಚ ವಿಕಿರಣವನ್ನು ಬಹುಪಾಲು ತಡೆಯುತ್ತದೆ. ಅದನ್ನು ನಿಯಮದಂತೆ ಸಾಗಿಸಬಹುದು. ಕವಚದಿಂದ ಹೊರಬಂದರೆ 1 ಮೀಟರ್ ದೂರದಲ್ಲಿ ತಾಸಿಗೆ ಸುಮಾರು 100 ಮಿಲಿಸೀವರ್ಟ್ (ಮೈಗೆ ತಗುಲುವ ವಿಕಿರಣದ ಅಳತೆ). ಜನಸಾಮಾನ್ಯರಿಗೆ ವರ್ಷದ ಮಿತಿ 1 ಮಿಲಿಸೀವರ್ಟ್, ಅದು ಅಲ್ಲಿ 36 ಸೆಕೆಂಡಿನಲ್ಲಿ ಮುಗಿಯುತ್ತದೆ. ದೂರ ಹತ್ತು ಪಟ್ಟಾದರೆ ವಿಕಿರಣ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ: 10 ಮೀಟರಿನಲ್ಲಿ ತಾಸಿಗೆ 1 ಮಿಲಿಸೀವರ್ಟ್. ಇದನ್ನೇ ತಿರುಗಿಸಿದರೆ, 10 ಸೆಂ.ಮೀ. ಹತ್ತಿರದಲ್ಲಿ ತಾಸಿಗೆ 10 ಸೀವರ್ಟ್, ಅಂದರೆ 10,000 ಮಿಲಿಸೀವರ್ಟ್. ಕೈಯಲ್ಲಿ ಹಿಡಿದರೆ, ಕಿಸೆಯಲ್ಲಿಟ್ಟರೆ ಏನಾಗುತ್ತದೆ ಎಂಬುದು ಇದರಿಂದಲೇ ತಿಳಿಯುತ್ತದೆ.

1999ರಲ್ಲಿ ಪೆರುವಿನ ಯನಾಂಗೋದಲ್ಲಿ ಒಬ್ಬ ವೆಲ್ಡರ್ ಕ್ಯಾಮೆರಾದಿಂದ ಕಳಚಿ ಬಿದ್ದಿದ್ದ ಇರಿಡಿಯಂ ಸೋರ್ಸನ್ನು ಪ್ಯಾಂಟಿನ ಹಿಂದಿನ ಕಿಸೆಯಲ್ಲಿಟ್ಟುಕೊಂಡ. ಅವನ ಬಲಗಾಲು ತೆಗೆಯಬೇಕಾಯಿತು. 2000ದಲ್ಲಿ ಈಜಿಪ್ಟಿನ ಮೀತ್ ಹಲ್ಫಾ ಎಂಬ ಹಳ್ಳಿಯಲ್ಲಿ ಒಬ್ಬ ರೈತ ಬಿದ್ದು ಸಿಕ್ಕ ಇರಿಡಿಯಂ ಸೋರ್ಸನ್ನು ಮನೆಗೆ ಒಯ್ದ. ಅವನೂ ಅವನ ಮಗನೂ ತೀರಿಕೊಂಡರು.

ಇರಿಡಿಯಂ-192ರ ಅರ್ಧಾಯುಷ್ಯ, ಅಂದರೆ ಅದರ ವಿಕಿರಣ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, ಸುಮಾರು 74 ದಿನ. ಕಳುವಾದದ್ದು ಒಂದು ವರ್ಷ ಬಾವಿಯಲ್ಲೋ ಪೊದೆಯಲ್ಲೋ ಬಿದ್ದಿದ್ದರೆ ಮೂರು ಪರ್ಸೆಂಟಿನಷ್ಟು ಉಳಿದಿರುತ್ತದೆ. ಅಷ್ಟಾದರೂ 1 ಮೀಟರಿನಲ್ಲಿ ತಾಸಿಗೆ 3 ಮಿಲಿಸೀವರ್ಟ್ ಕೊಡುತ್ತದೆ, ಆದ್ದರಿಂದ ‘ಹಳೇದಾತು, ಈಗೇನೂ ಆಗೂದಿಲ್ಲ’ ಎನ್ನುವಂತಿಲ್ಲ. ಗೇಜಿನ ಸೀಸಿಯಂ ಇದಕ್ಕಿಂತ ಎಷ್ಟೋ ದುರ್ಬಲ. 8 ಮಿಲಿಕ್ಯೂರಿಯ ಸೋರ್ಸ್ ಕವಚವಿಲ್ಲದೆ ಹೊರಗಿದ್ದರೂ 1 ಮೀಟರಿನಲ್ಲಿ ತಾಸಿಗೆ 25 ಮೈಕ್ರೋಸೀವರ್ಟ್ (1 ಮಿಲಿಸೀವರ್ಟ್‌ಗೆ 1,000) ಆಸುಪಾಸು. ಆದರೆ ಅದರ ಅರ್ಧಾಯುಷ್ಯ 30 ವರ್ಷ, ಅಮೆರಿಸಿಯಂನದು 432 ವರ್ಷ. ಗೇಜನ್ನು ಸುತ್ತಿಗೆಯಿಂದ ಒಡೆದರೆ, ಭಟ್ಟಿಗೆ ಹಾಕಿದರೆ ಪುಡಿ ಉಸಿರಿಗೆ ಸೇರುವುದೇ ದೊಡ್ಡ ಕೇಡು.

ಗಾಡಿ

ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 1993ರಿಂದ ಇಟ್ಟಿರುವ ದಾಖಲೆಯಲ್ಲಿ ವರದಿಯಾದ ಕಳವುಗಳ ಪೈಕಿ ಅರ್ಧಕ್ಕಿಂತ ಹೆಚ್ಚು ನಡೆದಿರುವುದು ಸಾಗಣೆಯ ವೇಳೆ. 2013ರ ಡಿಸೆಂಬರಿನಲ್ಲಿ ಮೆಕ್ಸಿಕೋದಲ್ಲಿ ಆಸ್ಪತ್ರೆಯ ಕೋಬಾಲ್ಟ್ ಯಂತ್ರ ಒಯ್ಯುತ್ತಿದ್ದ ಲಾರಿಯನ್ನು ಕಳ್ಳರು ಅಪಹರಿಸಿದ್ದು ಪೆಟ್ರೋಲ್ ಬಂಕಿನಲ್ಲಿ, ಚಾಲಕ ವಿಶ್ರಾಂತಿಗೆ ನಿಲ್ಲಿಸಿದ್ದಾಗ. ಹಾಗಾಗಿ ಕೆಲಸ ಗಾಡಿಯಿಂದ ಶುರುವಾಗಬೇಕು.

ಹೊರಡುವ ಮುನ್ನ ಸಾಗಣೆಯ ವಿವರ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಇ-ಲೋರಾ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ದಾಖಲಾಗಿರಬೇಕು. ಕಾಗದಪತ್ರ, ತುರ್ತು ಸೂಚನೆಯ ಟ್ರೆಮ್‌ಕಾರ್ಡ್ ಚಾಲಕನ ಕೈಗೆ ಸಿಗುವಂತಿರಲಿ. ಡೀಸೆಲ್ ಹಿಂದಿನ ದಿನವೇ ತುಂಬಿಸಿ. ಹುಬ್ಬಳ್ಳಿಯಿಂದ ರಾಣೇಬೆನ್ನೂರಿಗೆ ಹೆದ್ದಾರಿ 48ರಲ್ಲಿ ಸುಮಾರು ಎರಡು ತಾಸಿನ ಹಾದಿ. ಗದಗ ಅದಕ್ಕಿಂತ ಹತ್ತಿರ. ಬೆಳಕಾದ ಮೇಲೆ ಹೊರಟು, ಬೆಳಕಿರುವಾಗಲೇ ಮುಟ್ಟುವಂತೆ ಯೋಜಿಸಿದರೆ ರಾತ್ರಿ ಗಾಡಿ ನಿಲ್ಲಿಸುವ ಪ್ರಶ್ನೆಯೇ ಬರುವುದಿಲ್ಲ.

ಇಬ್ಬರು ಹೋಗಬೇಕು. ಚಹಾಕ್ಕೆ, ಊಟಕ್ಕೆ, ಮೂತ್ರಕ್ಕೆ ಒಬ್ಬರು ಇಳಿದರೆ ಇನ್ನೊಬ್ಬರು ಗಾಡಿಯ ಹತ್ತಿರವೇ ಇರಬೇಕು. ಧಾಬಾದ ಮುಂದೆ ಇಬ್ಬರೂ ಒಳಗೆ ಕೂತು ಕಿಟಕಿಯಿಂದ ನೋಡುವುದು ಕಾವಲಲ್ಲ. ಈ ಒಂದು ನಿಯಮವನ್ನು ಎಲ್ಲಕ್ಕಿಂತ ಬಿಗಿಯಾಗಿ ಹಿಡಿಯಿರಿ, ಏಕೆಂದರೆ ಉಳಿದ ಕೀಲಿ ಸರಪಳಿಗಳೆಲ್ಲ ಕಳ್ಳನ ಕೆಲಸವನ್ನು ತಡ ಮಾಡುತ್ತವೆಯೇ ಹೊರತು ಅವನನ್ನು ಹಿಡಿಯುವುದಿಲ್ಲ.

ಪೆಟ್ಟಿಗೆಗೆ ಎರಡು ಪ್ರತ್ಯೇಕ ತಡೆ ಇರಲಿ. ಅಮೆರಿಕದಲ್ಲಿ ಪಿಕಪ್‌ಗಳಿಂದ ಗೇಜ್ ಕಳವು ಹೆಚ್ಚಾದಾಗ 2005ರಲ್ಲಿ ಅಲ್ಲಿನ ಅಣು ನಿಯಂತ್ರಣ ಆಯೋಗ ಕಡ್ಡಾಯ ಮಾಡಿದ್ದು ಇದನ್ನೇ. ಸಾಗಣೆ ಪೆಟ್ಟಿಗೆಗೆ ಒಂದು ಕೀಲಿ, ಆ ಪೆಟ್ಟಿಗೆಯನ್ನು ಗಾಡಿಯ ಚಾಸಿಗೆ ಬಿಗಿದ ಸರಪಳಿಗೆ ಇನ್ನೊಂದು. ಒಂದೇ ಕೀಲಿಕೈಯಿಂದ ಎರಡೂ ತೆರೆದರೆ ಅದು ಎರಡು ತಡೆಯಲ್ಲ, ಒಂದೇ. ಸಾಗಣೆ ಪೆಟ್ಟಿಗೆಯ ಹಿಡಿಕೆಗೆ ಸರಪಳಿ ಕಟ್ಟಬೇಡಿ. ಹಿಡಿಕೆಯ ಸ್ಕ್ರೂ ಬಿಚ್ಚಿದರೆ ಸರಪಳಿ ಅಲ್ಲೇ ಉಳಿಯುತ್ತದೆ, ಪೆಟ್ಟಿಗೆ ಹೋಗುತ್ತದೆ. ಕ್ಯಾಮೆರಾದ ಸ್ವಂತ ಕೀಲಿಕೈ ಸೈಟ್ ಇನ್‌ಚಾರ್ಜ್ ಹತ್ತಿರ ಇರಬೇಕು, ಗಾಡಿಯ ಕೀಲಿಕೈ ಗೊಂಚಲಿನಲ್ಲಿ ಅಲ್ಲ. ತಾಡಪಾಲು ಹೊದಿಸಿದ ತೆರೆದ ಪಿಕಪ್‌ಗಿಂತ ಮುಚ್ಚಿದ ಗಾಡಿ ಮೇಲು. ಡ್ರಿಲ್, ಗ್ರೈಂಡರ್, ಕೇಬಲ್ ಇಟ್ಟ ಜಾಗದಲ್ಲಿ ಇದನ್ನು ಇಡಬೇಡಿ, ಹತಾರ ಕದಿಯಲು ಬಂದವನು ಇದನ್ನೂ ಎತ್ತುತ್ತಾನೆ.

ಎಚ್ಚರಿಕೆಯ ಚಿಹ್ನೆ ಕಂಡರೆ ಜನರ ಗಮನ ಬೀಳುತ್ತದೆಂದು ಕೆಲವರು ಅದನ್ನು ಕಿತ್ತುಹಾಕುತ್ತಾರೆ, ಇಲ್ಲವೇ ಗೋಣಿಚೀಲ ಮುಚ್ಚುತ್ತಾರೆ. ಇದು ನಿಯಮಕ್ಕೂ ವಿರುದ್ಧ, ಬುದ್ಧಿಗೂ ವಿರುದ್ಧ. ಪೆಟ್ಟಿಗೆ ಗುಜರಿ ಅಂಗಡಿ ಮುಟ್ಟಿದಾಗ ಅದನ್ನು ಒಡೆಯದಂತೆ ತಡೆಯಬಲ್ಲದ್ದು ಆ ಮೂರು ದಳದ ಚಿಹ್ನೆ ಮಾತ್ರ. ಅದರ ಪಕ್ಕದಲ್ಲಿ ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ‘ವಿಕಿರಣ ಅಪಾಯ. ಒಡೆಯಬೇಡಿ. ದೂರ ಸರಿದು 112ಕ್ಕೆ ಕರೆ ಮಾಡಿ’ ಎಂದು ಬರೆಸಿ. ಹಿಂದಿಯಲ್ಲೂ ಬರೆಸಿ, ಗುಜರಿ ಕೆಲಸದಲ್ಲಿ ಉತ್ತರದ ಕಡೆಯ ಹುಡುಗರೂ ಇರುತ್ತಾರೆ. ಸೋರ್ಸ್ ಇಲ್ಲದೆ ಖಾಲಿ ಓಡುವ ಗಾಡಿಯಿಂದ ಮಾತ್ರ ಫಲಕ ತೆಗೆಯಬೇಕು, ಇಲ್ಲವಾದರೆ ಜನ ಅದನ್ನು ನಂಬುವುದು ಬಿಡುತ್ತಾರೆ.

ಜಿಪಿಎಸ್ ಗಾಡಿಗೊಂದು, ಸಾಗಣೆ ಪೆಟ್ಟಿಗೆಗೊಂದು ಬೇರೆ ಬೇರೆ ಇರಲಿ. ಉಕ್ಕಿನ ಪೆಟ್ಟಿಗೆಯೊಳಗಿಟ್ಟರೆ ಸಿಗ್ನಲ್ ಹೊರಬರುವುದಿಲ್ಲ, ಆದ್ದರಿಂದ ಅಳವಡಿಸಿದ ಮೇಲೆ ಮುಚ್ಚಳ ಹಾಕಿ, ಗಾಡಿಯ ಬಾಗಿಲು ಮುಚ್ಚಿ, ಮೊಬೈಲಿನಲ್ಲಿ ಜಾಗ ಕಾಣುತ್ತದೆಯೇ ನೋಡಿ. ಜಿಪಿಎಸ್ ಕೂರಿಸಲು ಕ್ಯಾಮೆರಾಕ್ಕೇ ತೂತು ಕೊರೆಯುವ ಕೆಲಸಕ್ಕೆ ಎಂದೂ ಕೈಹಾಕಬಾರದು. ಹೊರಟಾಗ, ವರೂರು ದಾಟಿದಾಗ, ಬಂಕಾಪುರ ಕ್ರಾಸಿನಲ್ಲಿ, ಮುಟ್ಟಿದಾಗ ಆಫೀಸಿಗೆ ಫೋನ್ ಮಾಡುವ ರೂಢಿ ಇದ್ದರೆ, ಕರೆ ಬಾರದ ಅರ್ಧ ತಾಸಿನೊಳಗೆ ವಿಷಯ ಗೊತ್ತಾಗುತ್ತದೆ.

ಸೈಟಿನಲ್ಲಿ ರಾತ್ರಿ

ಲಾಡ್ಜಿನ ಖೋಲಿ, ಬಾಡಿಗೆ ಮನೆಯ ಮಂಚದ ಕೆಳಗೆ, ನಿಲ್ಲಿಸಿದ ಗಾಡಿ, ಸೈಟಿನ ತಗಡಿನ ಶೆಡ್ಡು: ಈ ನಾಲ್ಕೂ ಕೂಡದು. ಮಂಡಳಿ ಒಪ್ಪಿದ ಸಂಗ್ರಹ ಖೋಲಿ ಅಥವಾ ಗುಂಡಿ ಇರಬೇಕು: ಗಟ್ಟಿ ಗೋಡೆ, ಕಾಂಕ್ರೀಟ್ ಗುಂಡಿಗೆ ಕೀಲಿಯ ಮುಚ್ಚಳ, ಖೋಲಿಗೆ ಬೇರೆ ಕೀಲಿ, ರಾತ್ರಿ ಬೆಳಕು, ವಾಚಮನ್. ಎರಡು ಕೀಲಿಕೈ ಇಬ್ಬರ ಹತ್ತಿರ. ವಾಚಮನ್‌ಗೆ ಒಳಗೇನಿದೆ ಎಂದು ಹೇಳದೆ ಕಾವಲು ಹಾಕುವುದು ಅನ್ಯಾಯ. ಹೇಳಿ, ಎಲ್ಲಿಯವರೆಗೆ ಹತ್ತಿರ ಹೋಗಬಹುದೆಂದು ನೆಲದ ಮೇಲೆ ಗೆರೆ ಹಾಕಿ ತೋರಿಸಿ, ಯಾರಿಗೆ ಫೋನ್ ಮಾಡಬೇಕೆಂದು ಗೋಡೆಯ ಮೇಲೆ ಬರೆದಿಡಿ.

ಕೆಲಸ ಮುಗಿದಾಗ ಸರ್ವೇ ಮೀಟರ್ (ವಿಕಿರಣ ಅಳೆಯುವ ಉಪಕರಣ) ಹಿಡಿಯದೆ ಕೀಲಿ ಹಾಕಬಾರದು. ಸೋರ್ಸನ್ನು ಹೊರಗೆ ತಳ್ಳಿ ಒಳಗೆಳೆಯುವ ಡ್ರೈವ್ ಕೇಬಲ್ ಪೂರ್ತಿ ಸುತ್ತಿದೆ ಎಂದ ಮಾತ್ರಕ್ಕೆ ಸೋರ್ಸ್ ಒಳಗೆ ಬಂದಿದೆ ಎಂದಲ್ಲ; ಜೋಡಣೆ ಬಿಟ್ಟು, ಅದು ಓಡಾಡುವ ಕೊಳವೆಯಾದ ಗೈಡ್ ಟ್ಯೂಬಿನಲ್ಲೇ ಉಳಿದಿರಬಹುದು. ಮೊದಲು ಮೀಟರಿನ ಬ್ಯಾಟರಿ ನೋಡಿ, ಆಮೇಲೆ ದೂರದಿಂದ ಹಿನ್ನೆಲೆಯ ಓದು ನೋಡಿ, ಆಮೇಲೆ ಕ್ಯಾಮೆರಾ, ಗೈಡ್ ಟ್ಯೂಬಿನ ಪೂರ್ತಿ ಉದ್ದ. ಓದು ಏರದೆ ಸೊನ್ನೆಯಲ್ಲೇ ನಿಂತರೆ ಸಂತೋಷ ಪಡಬೇಡಿ: ಮೀಟರ್ ಕೆಟ್ಟಿದೆ. ತುಸುವೇ ಏರಿದರೆ ಕ್ಯಾಮೆರಾ ಖಾಲಿಯಿರಬಹುದು.

ಒಂದು ಹಾಳೆಯ ದಾಖಲೆ

ಕಳುವಾದ ಮೇಲೆ ಪೊಲೀಸರು ಕೇಳುವ ಮೊದಲ ಪ್ರಶ್ನೆ ‘ಅದು ಹೆಂಗ ಇರ್ತೈತಿ?’ ಆ ಹೊತ್ತಿನಲ್ಲಿ ಫೋಟೋ ಹುಡುಕುತ್ತ ಕೂರಬಾರದು. ಮುಂದಿನಿಂದ, ಪಕ್ಕದಿಂದ, ಸಾಗಣೆ ಪೆಟ್ಟಿಗೆಯೊಳಗೆ ಇಟ್ಟಂತೆ ಮೂರು ಫೋಟೋ; ಗಾತ್ರ ತಿಳಿಯಲು ಪಕ್ಕದಲ್ಲೊಂದು ನೀರಿನ ಬಾಟಲಿ. ಮಾದರಿಯ ಹೆಸರು, ಉಪಕರಣದ ಕ್ರಮಸಂಖ್ಯೆ, ಸೋರ್ಸಿನ ಕ್ರಮಸಂಖ್ಯೆ, ಯಾವ ಐಸೋಟೋಪ್, ಯಾವ ತಾರೀಖಿಗೆ ಎಷ್ಟು ಕ್ಯೂರಿ, ಕವಚದ ಮೇಲೆ ಗೊತ್ತಾದ ಜಾಗದಲ್ಲಿ ಮೀಟರಿನ ಓದು. ಕ್ಯಾಮೆರಾದ ಮೇಲಿನ ಗೀರು, ಬಣ್ಣ ಹೋದ ಜಾಗವನ್ನೂ ಬರೆದುಕೊಳ್ಳಿ. ವಿಕಿರಣ ಸುರಕ್ಷಾ ಅಧಿಕಾರಿ, ಲೈಸೆನ್ಸ್‌ದಾರ, ನಿಯಂತ್ರಣ ಮಂಡಳಿ, ಜಿಲ್ಲಾಧಿಕಾರಿ ಕಚೇರಿಯ ಫೋನ್ ನಂಬರು ಅದೇ ಹಾಳೆಯಲ್ಲಿ ಇರಲಿ. ಈ ಹಾಳೆ ಗಾಡಿಯಲ್ಲಷ್ಟೇ ಇದ್ದರೆ ಗಾಡಿಯ ಜೊತೆ ಅದೂ ಹೋಗುತ್ತದೆ. ಪ್ರತಿಯೊಬ್ಬರ ಮೊಬೈಲಿನಲ್ಲಿ, ಆಫೀಸಿನ ಗೋಡೆಯ ಮೇಲೆ ಒಂದೊಂದು ಪ್ರತಿ ಬೇಕು.

ಮೊದಲ ತಾಸು

1. ಹುಡುಕಾಟಕ್ಕೆ ಹದಿನೈದು ನಿಮಿಷ ಸಾಕು. ಬೇರೆ ತಂಡ ಒಯ್ದಿದೆಯೇ, ಲಾಗ್‌ಬುಕ್ಕಿನಲ್ಲಿ ಏನು ಬರೆದಿದೆ, ಜಿಪಿಎಸ್ ಎಲ್ಲಿ ತೋರಿಸುತ್ತಿದೆ ನೋಡಿ. ಗಾಡಿಯ ಬಾಗಿಲು, ತುಂಡಾದ ಸರಪಳಿ ಮುಟ್ಟಬೇಡಿ, ಬೆರಳಚ್ಚು ಅಳಿಯುತ್ತದೆ.

2. 112ಕ್ಕೆ ಕರೆ ಮಾಡಿ. ‘ಮಶೀನ್ ಕಳುವಾಗಿದೆ’ ಎಂದರೆ ಸಾಮಾನ್ಯ ಕಳವಿನ ಸಾಲಿನಲ್ಲಿ ಸೇರುತ್ತದೆ. ‘ವಿಕಿರಣಶೀಲ ವಸ್ತು ಇರುವ ಪೆಟ್ಟಿಗೆ ಕಳುವಾಗಿದೆ, ಒಡೆದರೆ ಜನರ ಜೀವಕ್ಕೆ ಅಪಾಯ’ ಎಂದೇ ಹೇಳಿ. ಜಾಗ, ಕೊನೆಯ ಸಲ ನೋಡಿದ ಹೊತ್ತು, ಪೆಟ್ಟಿಗೆಯ ಬಣ್ಣ, ತೂಕ.

3. ಅದೇ ಹೊತ್ತಿಗೆ ಇನ್ನೊಬ್ಬರು ಸುರಕ್ಷಾ ಅಧಿಕಾರಿಗೆ, ಅವರು ನಿಯಂತ್ರಣ ಮಂಡಳಿಗೆ ಫೋನ್ ಮಾಡಬೇಕು. ಲಿಖಿತ ವರದಿ ಆಮೇಲೆ, ಮೊದಲು ಫೋನ್.

4. ಹತ್ತಿರದ ಠಾಣೆಯಲ್ಲೇ ದೂರು ಕೊಡಿ. ವರೂರಿನಿಂದ ಶಿಗ್ಗಾಂವಿಗೆ ಹೋಗುವಷ್ಟರಲ್ಲಿ ಜಿಲ್ಲೆಯೇ ಬದಲಾಗುತ್ತದೆ. ಗದಗ ರಸ್ತೆಯಲ್ಲಿ ಅಣ್ಣಿಗೇರಿ ದಾಟಿದರೂ ಹಾಗೆಯೇ. ಕಳವು ಎಲ್ಲಿ ನಡೆಯಿತೆಂದು ಖಚಿತವಿಲ್ಲದಿದ್ದರೂ ಯಾವ ಠಾಣೆಯಾದರೂ ಝೀರೋ ಎಫ್‌ಐಆರ್ ದಾಖಲಿಸಬೇಕು. ‘ನಮ್ಮ ಹದ್ದು ಅಲ್ಲ’ ಎಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ನೆನಪಿಸಿ.

5. ಸುದ್ದಿ ಹರಡಲು ಪೊಲೀಸರನ್ನೂ ಜಿಲ್ಲಾಡಳಿತವನ್ನೂ ಒತ್ತಾಯಿಸಿ. ಗುಜರಿ ಅಂಗಡಿಗಳು, ಫೌಂಡ್ರಿಗಳು, ಟೋಲ್ ನಾಕಾ, ಹುಬ್ಬಳ್ಳಿಯ ಕೆಎಂಸಿಆರ್‌ಐ ಆಸ್ಪತ್ರೆ (ಹಿಂದಿನ ಕಿಮ್ಸ್), ಗದಗ-ಹಾವೇರಿಯ ಜಿಲ್ಲಾ ಆಸ್ಪತ್ರೆಗಳು, ಊರ ಡಾಕ್ಟರುಗಳು.

ತಪ್ಪು ನಡೆಯುವುದು ಎರಡನೆಯ ಮತ್ತು ಐದನೆಯ ಹೆಜ್ಜೆಗಳಲ್ಲಿ. ಮಾಲೀಕರು ಮೊದಲು ತಮ್ಮ ಹುಡುಗರನ್ನೇ ಬೈಕಿನಲ್ಲಿ ಓಣಿ ಓಣಿ ಕಳಿಸುತ್ತಾರೆ, ಸಂಜೆಯವರೆಗೆ ನೋಡೋಣ ಎನ್ನುತ್ತಾರೆ. ಕಳ್ಳನು ಪೆಟ್ಟಿಗೆ ಬಿಚ್ಚಲು ಕೂರುವುದೂ ಆ ಸಂಜೆಯೇ. 2015ರ ಏಪ್ರಿಲ್‌ನಲ್ಲಿ ಮೆಕ್ಸಿಕೋದ ತಬಾಸ್ಕೋದಲ್ಲಿ ಇರಿಡಿಯಂ ಕ್ಯಾಮೆರಾ ಗಾಡಿಯಿಂದ ಕಳುವಾದಾಗ ಸರ್ಕಾರ ಐದು ರಾಜ್ಯಗಳಿಗೆ ಬಹಿರಂಗವಾಗಿ ಎಚ್ಚರಿಕೆ ಕೊಟ್ಟಿತು. ಕೆಲವೇ ದಿನಗಳಲ್ಲಿ ಪೆಟ್ಟಿಗೆ ಒಡೆಯದ ಸ್ಥಿತಿಯಲ್ಲಿ ಸಿಕ್ಕಿತು.

ಧ್ವನಿವರ್ಧಕದಲ್ಲಿ, ವಾಟ್ಸ್ಆಪ್ ಆಡಿಯೋದಲ್ಲಿ ಹೇಳುವ ಮಾತು ನಮ್ಮ ಆಡುಮಾತಿನಲ್ಲಿರಲಿ. ಬೆದರಿಕೆ ಬೇಡ, ಬೆದರಿದವನು ಪೆಟ್ಟಿಗೆಯನ್ನು ಕೆರೆಗೆ ಎಸೆಯುತ್ತಾನೆ.

‘ಎಲ್ಲಾರೂ ಲಕ್ಷ್ಯ ಕೊಟ್ಟು ಕೇಳ್ರಿ. ಇಂಥಾ ಬಣ್ಣದ, ಇಪ್ಪತ್ತು ಕಿಲೋ ಮ್ಯಾಲ ತೂಕದ ಒಂದು ಪೆಟಗಿ ಕಳುವಾಗೈತಿ. ಒಳಗ ಕಣ್ಣಿಗೆ ಕಾಣದ, ವಾಸನಿ ಇಲ್ಲದ ವಿಕಿರಣ ಐತಿ. ಒಡದ್ರ ನೀವು, ನಿಮ್ಮ ಮನಿ ಮಕ್ಕಳು ಸಾಯೂವಷ್ಟು ಅಪಾಯ ಐತಿ. ನಿಮ್ಮ ಕಡೆ ಇದ್ರ ಒಡೀಬ್ಯಾಡ್ರಿ, ಬಿಚ್ಚಬ್ಯಾಡ್ರಿ, ಎಲ್ಲೈತಿ ಅಲ್ಲೇ ಬಿಟ್ಟು ದೂರ ಸರೀರಿ. 112ಕ್ಕ ಫೋನ್ ಹಚ್ಚಿ ಜಾಗಾ ಅಷ್ಟ ಹೇಳ್ರಿ. ಆಗಲೇ ಬಿಚ್ಚಿದ್ರ, ಮುಟ್ಟಿದ್ರ ದವಾಖಾನಿಗೆ ಬರ್ರಿ, ಔಷಧೋಪಚಾರ ಮಾಡ್ತಾರ.’

ಗುಜರಿ ಅಂಗಡಿ, ಫೌಂಡ್ರಿಗಳಿಗೆ

ದಿಲ್ಲಿಯ ಮಾಯಾಪುರಿಯ ಗುಜರಿ ಪೇಟೆಯಲ್ಲಿ 2010ರಲ್ಲಿ ಒಬ್ಬ ಸತ್ತ, ಹಲವರು ಆಸ್ಪತ್ರೆ ಸೇರಿದರು. ಅಲ್ಲಿಗೆ ಬಂದದ್ದು ಕದ್ದ ಮಾಲಲ್ಲ, ವಿಶ್ವವಿದ್ಯಾಲಯ ಹರಾಜಿನಲ್ಲಿ ಮಾರಿದ ಹಳೆಯ ಕೋಬಾಲ್ಟ್-60 ಉಪಕರಣ. ಆದ್ದರಿಂದ ಬಿಲ್ಲು ಇದೆಯೆಂದು ಧೈರ್ಯ ಮಾಡಬೇಡಿ. ಗಾತ್ರಕ್ಕೆ ಮೀರಿದ ತೂಕವಿರುವ ಪೆಟ್ಟಿಗೆ, ಮೂರು ದಳದ ಚಿಹ್ನೆ, ಅಥವಾ ತಲೆಬುರುಡೆ ಮತ್ತು ಓಡುವ ಮನುಷ್ಯನ ಚಿತ್ರವಿರುವ ಕೆಂಪು ತ್ರಿಕೋನ, ಯುರೇನಿಯಂ ಎಂಬ ಬರಹ: ಇವುಗಳಲ್ಲಿ ಒಂದು ಕಂಡರೂ ಕಟರ್ ಕೆಳಗಿಡಿ. ಬಿಚ್ಚಿದ ಪೆಟ್ಟಿಗೆಯಿಂದ ಗೇಣುದ್ದದ, ತುದಿಗೆ ಹೊಳೆಯುವ ಸಣ್ಣ ಕೊಳವೆಯಿರುವ ಉಕ್ಕಿನ ತಂತಿಯ ತುಂಡು ಬಿದ್ದರೆ ಅದೇ ಸೋರ್ಸ್. ಬಿಸಿ ಹತ್ತುವುದಿಲ್ಲ, ಉರಿಯುವುದಿಲ್ಲ, ಹೊಗೆ ಬರುವುದಿಲ್ಲ. ಎತ್ತಬೇಡಿ, ಕಸಬರಿಗೆಯಿಂದ ಗುಡಿಸಬೇಡಿ, ನೀರು ಹಾಕಬೇಡಿ. ಎಲ್ಲರೂ 30 ಮೀಟರ್ ಆಚೆ ಹೋಗಿ. 20 ಕ್ಯೂರಿಯ ಇರಿಡಿಯಂ 30 ಮೀಟರಿನಲ್ಲಿ ತಾಸಿಗೆ ಸುಮಾರು 100 ಮೈಕ್ರೋಸೀವರ್ಟ್ ಕೊಡುತ್ತದೆ. ತುರ್ತು ತಂಡಗಳು ಒಳಗಿನ ಹಗ್ಗ ಕಟ್ಟುವ ಮಿತಿಯೂ ಅದೇ. ಬೆಂಕಿ ಹತ್ತಿದ್ದರೆ 300 ಮೀಟರ್. ಮುಟ್ಟಿದವರು ಮನೆಗೆ ಹೋಗದೆ, ಗಾಳಿ ಬರುವ ದಿಕ್ಕಿನಲ್ಲಿ ದೂರ ಕೂತಿರಲಿ. ಉಣ್ಣುವುದು, ಬೀಡಿ ಸೇದುವುದು ಬೇಡ.

ಫೌಂಡ್ರಿಯವರು ಇನ್ನೂ ಒಂದು ಮಾತು ಗಮನಿಸಬೇಕು. ಸೋರ್ಸ್ ಭಟ್ಟಿಗೆ ಬಿದ್ದರೆ ಪೂರ್ತಿ ಕರಗು, ಬೂದಿ, ಹೊಗೆಚೀಲ ಎಲ್ಲವೂ ಕೆಡಬಹುದು. 2008ರಲ್ಲಿ ಫ್ರಾನ್ಸಿನಲ್ಲಿ ಲಿಫ್ಟಿನ ಗುಂಡಿಗಳಲ್ಲಿ ಕೋಬಾಲ್ಟ್-60 ಸಿಕ್ಕಿತು, ಆ ಉಕ್ಕು ಹೋದದ್ದು ಭಾರತದಿಂದ. ಗುಜರಿ ಕೊಳ್ಳುವ ಫೌಂಡ್ರಿ ಗೇಟಿನಲ್ಲಿ ಕೈಮೀಟರ್ ಇಟ್ಟು ಪ್ರತಿ ಲೋಡಿನ ಸುತ್ತ ಹಿಡಿದು ನೋಡುವುದಕ್ಕೆ ಐದು ನಿಮಿಷ ಸಾಕು. ಖಾಲಿ ಅಂಗಳದ ಓದು ದಿನಾ ಬರೆದಿಟ್ಟರೆ ಅದಕ್ಕಿಂತ ಏರಿದ್ದು ತಕ್ಷಣ ತಿಳಿಯುತ್ತದೆ. ಆದರೆ ಸೋರ್ಸ್ ಕವಚದೊಳಗಿದ್ದು, ಮೇಲೆ ಬೇರೆ ಕಬ್ಬಿಣದ ರಾಶಿಯಿದ್ದರೆ ಮೀಟರ್ ಏನೂ ತೋರಿಸದಿರಬಹುದು, ಅದಕ್ಕೇ ಇಳಿಸುವಾಗ ಇನ್ನೊಮ್ಮೆ ಹಿಡಿಯಬೇಕು.

ಪೆಟ್ಟಿಗೆ ಸಿಕ್ಕಾಗ

ಪೆಟ್ಟಿಗೆ ಸಿಕ್ಕಿತೆಂದು ಪೊಲೀಸರು ಅದನ್ನು ಜೀಪಿಗೆ ಹಾಕಿಕೊಂಡು ಠಾಣೆಗೆ ತರಬಾರದು. ಮೀಟರ್ ಹಿಡಿದ ತರಬೇತಾದವರು ದೂರದಿಂದ ಓದುತ್ತ ಹತ್ತಿರ ಹೋಗಬೇಕು. ಓದು ಹೆಚ್ಚಿದ್ದರೆ ಸೋರ್ಸ್ ಹೊರಗಿದೆ. ಓದು ಹಾಳೆಯಲ್ಲಿ ಬರೆದದ್ದಕ್ಕಿಂತ ತೀರ ಕಡಿಮೆಯಿದ್ದರೆ ಪೆಟ್ಟಿಗೆ ಬರಿದು, ಸೋರ್ಸ್ ಬೇರೆಲ್ಲೋ ಇದೆ. ಆಗ ಹುಡುಕಾಟ ಮುಗಿದಿಲ್ಲ. ಡಿಪ್ಲೀಟೆಡ್ ಯುರೇನಿಯಂ ತಾನೇ ಸ್ವಲ್ಪ ವಿಕಿರಣ ಬಿಡುವುದರಿಂದ ಬರಿದಾದ ಕ್ಯಾಮೆರಾವೂ ಮೀಟರನ್ನು ತುಸು ಏರಿಸುತ್ತದೆ, ಇದು ಗೊತ್ತಿಲ್ಲದೆ ಸೋರ್ಸ್ ಒಳಗೇ ಇದೆಯೆಂದು ತಿಳಿಯುವ ಅಪಾಯವಿದೆ. ಹಿಂದಿನ ಓದನ್ನು ಇರಿಡಿಯಂ ಕ್ಷೀಣಿಸಿದ ಲೆಕ್ಕ ಹಿಡಿದೇ ಹೋಲಿಸಬೇಕು. ಕ್ರಮಸಂಖ್ಯೆ ತಾಳೆ ನೋಡಿ. ಬೀಗದ ಭಾಗಕ್ಕೆ ಪೆಟ್ಟು ಬಿದ್ದಿದ್ದರೆ, ನೋಡಲು ಸರಿಯೆನಿಸಿದರೂ, ತಯಾರಕರ ತಪಾಸಣೆ ಆಗುವವರೆಗೆ ಕೆಲಸಕ್ಕೆ ಇಳಿಸಬಾರದು.

ಡಾಕ್ಟರುಗಳು ಗಮನಿಸಬೇಕಾದದ್ದು

ವಿಕಿರಣದ ಗಾಯ ಅದೇ ದಿನ ಕಾಣುವುದಿಲ್ಲ. ಬೆರಳು, ಅಂಗೈ, ತೊಡೆ ಕೆಂಪಾಗಿ, ದಿನಗಳು ಕಳೆದ ಮೇಲೆ ಬೊಕ್ಕೆ ಏಳುತ್ತದೆ. ರೋಗಿಗೆ ಸುಟ್ಟ ನೆನಪೇ ಇರುವುದಿಲ್ಲ. ದೊಡ್ಡ ಪ್ರಮಾಣ ತಗುಲಿದ್ದರೆ ಕೆಲವು ತಾಸುಗಳಲ್ಲೇ ವಾಂತಿ. ಗುಜರಿ, ವೆಲ್ಡಿಂಗ್, ಸೈಟ್ ಕೆಲಸದವರಲ್ಲಿ ಇಂಥದ್ದು ಕಂಡರೆ, ಒಂದೇ ಮನೆಯ ಇಬ್ಬರು ಮೂವರಲ್ಲಿ ಕಂಡರಂತೂ, ಯಾವುದಾದರೂ ಲೋಹದ ತುಂಡು ಸಿಕ್ಕಿತ್ತೇ ಎಂದು ಕೇಳಿ. ವಾಂತಿ ಶುರುವಾದ ಹೊತ್ತು ಬರೆದುಕೊಳ್ಳಿ. ರಕ್ತದ ಲಿಂಫೋಸೈಟ್ ಎಣಿಕೆ ಅಂದೇ ಮಾಡಿ, ಆರು ತಾಸಿಗೊಮ್ಮೆ ಮತ್ತೆ ಮಾಡಿ; ಅದು ಇಳಿಯುವ ವೇಗವೇ ಎಷ್ಟು ತಗುಲಿದೆ ಎಂಬುದನ್ನು ಹೇಳುತ್ತದೆ. ಸೋರ್ಸ್ ಒಡೆಯದೆ ಹೊರಗಿನಿಂದಷ್ಟೇ ವಿಕಿರಣ ತಗುಲಿದವನ ಮೈಯಿಂದ ಇನ್ನೊಬ್ಬರಿಗೆ ಏನೂ ಹರಡುವುದಿಲ್ಲ, ಅವನನ್ನು ಮುಟ್ಟಲು, ಹಾಸಿಗೆ ಕೊಡಲು ಹಿಂಜರಿಯಬೇಡಿ. ಸೋರ್ಸ್ ಒಡೆದು ಪುಡಿಯಾಗಿದ್ದರೆ ಮಾತ್ರ ಬಟ್ಟೆ ಕಳಚಿ ಚೀಲದಲ್ಲಿ ಕಟ್ಟಿಟ್ಟು, ಸೋಪು-ನೀರಿನಿಂದ ತೊಳೆಸಬೇಕು. ಜೀವಕ್ಕೆ ತಕ್ಷಣದ ಅಪಾಯವಿದ್ದರೆ ತೊಳೆಯುವುದಕ್ಕೂ ಕಾಯದೆ ಚಿಕಿತ್ಸೆ ಶುರುಮಾಡಿ, ಸುದ್ದಿಯನ್ನು ಜಿಲ್ಲಾಧಿಕಾರಿ ಕಚೇರಿಗೂ ನಿಯಂತ್ರಣ ಮಂಡಳಿಗೂ ಅದೇ ಗಳಿಗೆಯಲ್ಲಿ ಮುಟ್ಟಿಸಿ.